ಕೈರೋಪ್ರಾಕ್ಟರ್ ಮತ್ತು ಬೆನ್ನುಮೂಳೆಯ ಎಕ್ಸ್-ರೇ: ಪದೇ ಪದೇ ಕೇಳುವ ಪ್ರಶ್ನೆಗಳು

ಕೈರೋಪ್ರಾಕ್ಟರ್ ಎಕ್ಸ್-ರೇ ತೆಗೆಸಿಕೊಂಡು ಬನ್ನಿ ಎನ್ನುವುದು ಏಕೆ?

ಕೈರೋಪ್ರಾಕ್ಟರ್ ಎಂದರೆ ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವವರು. ಅವರು ಎಕ್ಸ್-ರೇ ಕೇಳಲು ಎರಡು ಕಾರಣಗಳಿವೆ, ಆದರೆ ಎರಡಕ್ಕೂ ಒಂದೇ ತೂಕವಿಲ್ಲ. ಮೊದಲನೆಯದು ಸುರಕ್ಷತೆ. ಬೆನ್ನಿನ ಮೇಲೆ ಕೈಯಿಟ್ಟು ಥಟ್ಟನೆ ಒತ್ತುವ ಮೊದಲು ಮೂಳೆ ಮುರಿದಿದೆಯೇ, ಗೆಡ್ಡೆ ಅಥವಾ ಸೋಂಕು ಇದೆಯೇ, ಮೂಳೆ ಟೊಳ್ಳಾಗಿದೆಯೇ, ಕೀಲು ಸಡಿಲಗೊಂಡಿದೆಯೇ ಎಂಬ ಅನುಮಾನ ಬಂದರೆ ಅದನ್ನು ಪರಿಶೀಲಿಸಿಕೊಳ್ಳಲೇಬೇಕು. ಎರಡನೆಯದು ಅಳತೆ: ಬೆನ್ನುಮೂಳೆಯ ಬಾಗು, ಓರೆ, ತಿರುವುಗಳನ್ನು ಫಿಲ್ಮಿನ ಮೇಲೆ ಅಳೆದು ಎಲ್ಲಿ, ಯಾವ ದಿಕ್ಕಿಗೆ ಒತ್ತಬೇಕೆಂದು ತೀರ್ಮಾನಿಸುವುದು. ಮೊದಲನೆಯ ಕಾರಣಕ್ಕೆ ಗಟ್ಟಿ ಆಧಾರವಿದೆ. ಎರಡನೆಯದಕ್ಕೆ, ಪಕ್ಕಬಾಗಿನಂಥ (ಬೆನ್ನುಮೂಳೆ ಪಕ್ಕಕ್ಕೆ ಬಾಗಿರುವುದು) ಕೆಲವು ಸಂದರ್ಭಗಳನ್ನು ಬಿಟ್ಟರೆ, ಆಧಾರ ತೀರಾ ತೆಳುವಾಗಿದೆ. ಎಲ್ಲಿ ಒತ್ತಬಾರದು ಎಂಬುದನ್ನು ಎಕ್ಸ್-ರೇ ಚೆನ್ನಾಗಿ ತಿಳಿಸುತ್ತದೆ. ಎಲ್ಲಿ ಒತ್ತಬೇಕು ಎಂಬುದನ್ನು ಹೇಳುವ ಶಕ್ತಿ ಅದಕ್ಕೆ ಕಡಿಮೆ. ಕೆಳಗಿನ ಹೆಚ್ಚಿನ ಉತ್ತರಗಳು ಈ ಮಾತಿನ ಸುತ್ತಲೇ ಇವೆ.

ಈ ವೃತ್ತಿಗೂ ಎಕ್ಸ್-ರೇಗೂ ಇಷ್ಟು ನಂಟು ಹೇಗೆ ಬೆಳೆಯಿತು?

ಎರಡೂ ಹುಟ್ಟಿದ್ದು ಒಂದೇ ವರ್ಷ. 1895ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಕೈರೋಪ್ರಾಕ್ಟಿಕ್ ಆರಂಭಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಂಟ್ಜನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದರು. ಪಾಮರರ ಮಗ ಬಿ.ಜೆ. ಪಾಮರ್ 1910ರಲ್ಲಿ ಎಕ್ಸ್-ರೇ ಯಂತ್ರವನ್ನು ತಮ್ಮ ಶಾಲೆಗೆ ತಂದರು. ಬೆನ್ನುಮೂಳೆಯ ಕಶೇರುಗಳು (ಒಂದರ ಮೇಲೊಂದು ಕೂತ ಬಿಡಿ ಮೂಳೆಗಳು) ತುಸು ಸರಿದು ನರಗಳನ್ನು ಒತ್ತುತ್ತವೆ, ಅದರಿಂದಲೇ ರೋಗಗಳು ಬರುತ್ತವೆ ಎಂಬುದು ಆಗಿನ ಸಿದ್ಧಾಂತ. ಆ ಸರಿತವನ್ನು ಕಣ್ಣಿಗೆ ತೋರಿಸುವ ಸಾಕ್ಷಿಯಾಗಿ ಎಕ್ಸ್-ರೇ ಒದಗಿತು.

ಸರ್ಕಾರದ ನಿಯಮವೂ ಇದಕ್ಕೆ ನೀರೆರೆಯಿತು. ಅಮೆರಿಕದ ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್ 1970ರ ದಶಕದಲ್ಲಿ ಕೈರೋಪ್ರಾಕ್ಟಿಕ್ ಚಿಕಿತ್ಸೆಗೆ ಹಣ ಕೊಡಲು ಒಪ್ಪಿದಾಗ, ಸರಿತವನ್ನು ಎಕ್ಸ್-ರೇಯಲ್ಲಿ ತೋರಿಸಬೇಕೆಂದು ಷರತ್ತು ಹಾಕಿತ್ತು. ಆ ಷರತ್ತು ಹೋದದ್ದು 2000ದ ಜನವರಿಯಲ್ಲಿ. ಒಂದಿಡೀ ತಲೆಮಾರು ರೋಗಿಯ ಅಗತ್ಯಕ್ಕಿಂತ ಕಾಗದಪತ್ರದ ಅಗತ್ಯಕ್ಕಾಗಿ ಫಿಲ್ಮ್ ತೆಗೆಯಲು ಕಲಿತಿತ್ತು ಎಂಬುದನ್ನು ನೆನಪಿಟ್ಟರೆ, ಇಂದಿನ ರೂಢಿ ಅರ್ಥವಾಗುತ್ತದೆ.

ಮೊದಲ ಭೇಟಿಯಲ್ಲಿ ಎಲ್ಲರಿಗೂ ಎಕ್ಸ್-ರೇ ಬೇಕೇ?

ಬೇಡ. ಅಮೆರಿಕದ ಕೈರೋಪ್ರಾಕ್ಟರುಗಳ ಸಂಘವೇ 2017ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ: ಅಪಾಯದ ಸೂಚನೆಗಳಿಲ್ಲದಿದ್ದರೆ, ಹೊಸದಾಗಿ ಶುರುವಾದ ಸೊಂಟನೋವಿಗೆ ಮೊದಲ ಆರು ವಾರಗಳಲ್ಲಿ ಬೆನ್ನುಮೂಳೆಯ ಚಿತ್ರ ತೆಗೆಸಬಾರದು. ಇಂಥ ನೋವುಗಳಲ್ಲಿ ಬಹುಪಾಲು ಆ ಅವಧಿಯೊಳಗೆ ತಾವಾಗಿಯೇ ತಗ್ಗುತ್ತವೆ. ಚಿತ್ರ ಇದ್ದರೂ ಇಲ್ಲದಿದ್ದರೂ ಚಿಕಿತ್ಸೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ.

"ತೆಗೆಸಿದರೆ ನಷ್ಟವೇನು, ಮನಸ್ಸಿಗೆ ಸಮಾಧಾನವಾದರೂ ಸಿಗುತ್ತದಲ್ಲ" ಎಂದು ಅನೇಕರು ಕೇಳುತ್ತಾರೆ. 2001ರಲ್ಲಿ ಬ್ರಿಟನ್ನಿನಲ್ಲಿ ಸೊಂಟನೋವಿನ 421 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಎಕ್ಸ್-ರೇ ತೆಗೆದ ಅಧ್ಯಯನ ಪ್ರಕಟವಾಯಿತು. ಮೂರು ತಿಂಗಳ ನಂತರ ಎಕ್ಸ್-ರೇ ತೆಗೆಸಿಕೊಂಡವರಲ್ಲಿ ಇನ್ನೂ ನೋವಿದೆ ಎಂದವರು ನೂರಕ್ಕೆ 74, ತೆಗೆಸಿಕೊಳ್ಳದವರಲ್ಲಿ 65. ಆದರೂ ಆರೈಕೆಯ ಬಗ್ಗೆ ಹೆಚ್ಚು ತೃಪ್ತಿ ಇದ್ದದ್ದು ಮೊದಲ ಗುಂಪಿನಲ್ಲೇ. ಸಮಾಧಾನ ಸಿಕ್ಕಿತು, ನೋವು ಮಾತ್ರ ಕಡಿಮೆಯಾಗಲಿಲ್ಲ. ತನ್ನ ಬೆನ್ನಿನಲ್ಲಿ "ಏನೋ ಇದೆ" ಎಂದು ಫಿಲ್ಮಿನಲ್ಲಿ ಕಂಡವನು ಬಗ್ಗಲು, ನಡೆಯಲು, ಭಾರ ಎತ್ತಲು ಹೆದರುತ್ತಾನೆ. ಬೆನ್ನು ಸುಧಾರಿಸಬೇಕಾದರೆ ಬೇಕಾಗುವುದು ಆ ಚಲನೆಯೇ.

ಹಾಗಾದರೆ ಯಾವ ಲಕ್ಷಣಗಳಿದ್ದರೆ ಚಿತ್ರ ತೆಗೆಸಲೇಬೇಕು?

ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬೆನ್ನುನೋವು ಬಂದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಜ್ವರದೊಂದಿಗೆ ನೋವಿದ್ದರೆ, ಮಲಗಿದರೂ ಬಿಡದೆ ರಾತ್ರಿಯಿಡೀ ಕಾಡುವ ನೋವಿದ್ದರೆ ತಡಮಾಡಬಾರದು. ಬಹುಕಾಲ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಂಡವರು, ಮೂಳೆ ಟೊಳ್ಳಾದವರು, ವಯಸ್ಸಾದವರು ಸಣ್ಣದಾಗಿ ಬಿದ್ದರೂ ಕಶೇರು ಕುಸಿದಿರಬಹುದು; ಕೆಲವೊಮ್ಮೆ ಬೀಳುವುದೂ ಬೇಡ, ಬಕೆಟ್ ಎತ್ತಿದರೆ ಸಾಕು. ನಲವತ್ತರೊಳಗಿನವರಿಗೆ ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಹೆಚ್ಚು ಕಾಲ ಬೆನ್ನು ಮರಗಟ್ಟಿ, ಓಡಾಡಿದ ಮೇಲೆ ಸಡಿಲವಾಗುತ್ತಿದ್ದರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ಕಾಯಿಲೆಯನ್ನು ಅನುಮಾನಿಸಬೇಕು.

ಕತ್ತಿಗೆ ಪೆಟ್ಟಾದಾಗ ಯಾರಿಗೆ ಚಿತ್ರ ಬೇಕೆಂದು ತೀರ್ಮಾನಿಸಲು 2001ರಿಂದ ಕೆನಡಾದ ಒಂದು ನಿಯಮ ಬಳಕೆಯಲ್ಲಿದೆ. ವಯಸ್ಸು 65 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಎತ್ತರದಿಂದ ಬಿದ್ದಂಥ ಅಥವಾ ವೇಗದ ವಾಹನ ಅಪಘಾತದಂಥ ಪೆಟ್ಟಾಗಿದ್ದರೆ, ಕೈಕಾಲುಗಳಲ್ಲಿ ಜುಮ್ಮೆನ್ನುತ್ತಿದ್ದರೆ ಚಿತ್ರ ಬೇಕು. ಇವು ಇಲ್ಲದವರಲ್ಲೂ ಕತ್ತನ್ನು ಎರಡೂ ಬದಿಗೆ 45 ಡಿಗ್ರಿ ತಿರುಗಿಸಲಾಗದಿದ್ದರೆ ಚಿತ್ರ ಬೇಕು. ಇಂಥ ಪೆಟ್ಟಾದವರು ಮೊದಲು ಹೋಗಬೇಕಾದದ್ದು ಆಸ್ಪತ್ರೆಗೆ. ಅಲ್ಲಿ ಈಗ ಎಕ್ಸ್-ರೇ ಬದಲು ಸಿ.ಟಿ. ಸ್ಕ್ಯಾನ್ ಮಾಡುವುದೇ ಹೆಚ್ಚು.

ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ತೊಡೆಸಂದು ಮತ್ತು ಗುದದ್ವಾರದ ಸುತ್ತ ಸ್ಪರ್ಶಜ್ಞಾನ ಹೋದರೆ, ಎರಡೂ ಕಾಲು ಸೋತರೆ ಅದು ತುರ್ತು ಪರಿಸ್ಥಿತಿ. ಆಗ ಎಕ್ಸ್-ರೇಯೂ ಬೇಡ, ಕೈರೋಪ್ರಾಕ್ಟರ್ ಕೂಡ ಬೇಡ. ಅದೇ ದಿನ ಎಂ.ಆರ್.ಐ. ಆಗಬೇಕು, ಶಸ್ತ್ರಚಿಕಿತ್ಸಕರು ನೋಡಬೇಕು. ತಡವಾದರೆ ನಷ್ಟ ಶಾಶ್ವತವಾಗಬಹುದು.

ಎಕ್ಸ್-ರೇ ತೆಗೆಯುವಾಗ ನಿಲ್ಲಿಸಿ ತೆಗೆಯುವುದು ಏಕೆ?

ಮೈಭಾರ ಹೊತ್ತ ಸ್ಥಿತಿಯಲ್ಲಿ ಬೆನ್ನುಮೂಳೆ ಹೇಗಿದೆ ಎಂದು ನೋಡಲು. ಮಲಗಿದಾಗ ಪಕ್ಕಬಾಗು ಕಡಿಮೆಯಾಗಿ ಕಾಣಬಹುದು. ಒಂದು ಕಶೇರು ಇನ್ನೊಂದರ ಮೇಲೆ ಮುಂದಕ್ಕೆ ಜಾರಿದ್ದರೆ ಅದೂ ಮರೆಯಾಗಬಹುದು. ಸಾಮಾನ್ಯವಾಗಿ ಎದುರಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆಯುತ್ತಾರೆ. ಕತ್ತಿನ ಮೇಲಿನ ಎರಡು ಕಶೇರುಗಳು ಎದುರಿನಿಂದ ದವಡೆಯ ಹಿಂದೆ ಅಡಗುವುದರಿಂದ ಬಾಯಿ ತೆರೆಸಿ ಮೂರನೆಯದನ್ನು ತೆಗೆಯುತ್ತಾರೆ. ಕೀಲು ಸಡಿಲವಾಗಿದೆಯೆಂಬ ಅನುಮಾನವಿದ್ದರೆ ಮುಂದೆ ಬಗ್ಗಿ, ಹಿಂದೆ ಬಾಗಿ ಇನ್ನೆರಡು. ತಲೆಯಿಂದ ಸೊಂಟದವರೆಗೆ ಇಡೀ ಬೆನ್ನಿನ ಚಿತ್ರ ಪಕ್ಕಬಾಗಿನ ತಪಾಸಣೆಗೆ ಬೇಕಾಗುತ್ತದೆ, ಸಾಮಾನ್ಯ ಸೊಂಟನೋವಿಗೆ ಬೇಕಿಲ್ಲ.

ಫಿಲ್ಮಿನಲ್ಲಿ ಅವರು ನಿಜಕ್ಕೂ ಏನನ್ನು ನೋಡುತ್ತಾರೆ?

ಸೊಂಟದ ಪಕ್ಕದ ಚಿತ್ರವೊಂದನ್ನು ಬೆಳಕಿಗೆ ಹಿಡಿದಿದ್ದೇವೆ ಎಂದುಕೊಳ್ಳೋಣ. ಮೊದಲು ಎಣಿಕೆ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5 ಕಶೇರುಗಳಿರಬೇಕು. ಕೆಲವರಲ್ಲಿ ಐದನೆಯ ಸೊಂಟದ ಕಶೇರು ಕೆಳಗಿನ ತ್ರಿಕೋನದಂಥ ಮೂಳೆಯಾದ ತ್ರಿಕಾಸ್ಥಿಗೆ ಬೆಸೆದಿರುತ್ತದೆ, ಕೆಲವರಲ್ಲಿ ಆರನೆಯದೊಂದು ಇರುವಂತೆ ಕಾಣುತ್ತದೆ. ಎಣಿಕೆ ತಪ್ಪಿದರೆ ಮುಂದಿನದೆಲ್ಲ ತಪ್ಪಾದ ಹಂತದ ಮೇಲೆ ನಡೆಯುತ್ತದೆ.

ನಂತರ ಒಂದೊಂದು ಕಶೇರುವಿನ ಆಕಾರ. ಮುಂಭಾಗದ ಎತ್ತರ ಹಿಂಭಾಗಕ್ಕಿಂತ ಐದನೇ ಒಂದು ಭಾಗದಷ್ಟು ಕುಸಿದು ಆಪಿನಂತೆ ಕಂಡರೆ ಅದು ಮುರಿತ. ಅಂಥ ಬೆನ್ನಿನ ಮೇಲೆ ಥಟ್ಟನೆ ಒತ್ತುವ ಮಾತೇ ಇಲ್ಲ. ಕಶೇರುಗಳ ಹಿಂಬದಿಯ ಅಂಚನ್ನು ಮೇಲಿನಿಂದ ಕೆಳಕ್ಕೆ ಕಣ್ಣಿನಲ್ಲೇ ಸವರಿಕೊಂಡು ಬಂದರೆ ಆ ಗೆರೆ ನಯವಾಗಿ ಹರಿಯಬೇಕು. ನಾಲ್ಕನೆಯದರಲ್ಲೋ ಐದನೆಯದರಲ್ಲೋ ಮೆಟ್ಟಿಲಿನಂತೆ ತಟ್ಟಿತೆಂದರೆ ಕಶೇರು ಮುಂದಕ್ಕೆ ಜಾರಿದೆ, ಅಂದರೆ ಸ್ಪಾಂಡಿಲೋಲಿಸ್ಥೆಸಿಸ್. ಜಾರಿಕೆ ಕೆಳಗಿನ ಕಶೇರುವಿನ ಅಗಲದ ಕಾಲು ಭಾಗದೊಳಗಿದ್ದರೆ ಒಂದನೇ ದರ್ಜೆ, ಅರ್ಧದೊಳಗಿದ್ದರೆ ಎರಡನೆಯದು, ಹೀಗೆ ನಾಲ್ಕರವರೆಗೆ. ಇದಕ್ಕೆ ಒಂದು ಮುಖ್ಯ ಕಾರಣ ಕಶೇರುವಿನ ಹಿಂಭಾಗದ ತೆಳು ಸೇತುವೆಯಂಥ ಮೂಳೆಯಲ್ಲಿ ಬಿರುಕು. ಈ ಬಿರುಕು ನೂರರಲ್ಲಿ ಐದಾರು ಮಂದಿಯಲ್ಲಿ ಇರುತ್ತದೆ. ಹಲವರಿಗೆ ಅದರ ಅರಿವೂ ಇರುವುದಿಲ್ಲ.

ಎದುರಿನ ಚಿತ್ರದಲ್ಲಿ ಪ್ರತಿ ಕಶೇರುವಿಗೂ ಎರಡು ಕಣ್ಣುಗಳಂತೆ ಎರಡು ದುಂಡನೆಯ ಗುರುತುಗಳು ಕಾಣುತ್ತವೆ. ಅವು ಕಶೇರುವಿನ ಕಾಂಡಗಳು. ಒಂದು ಕಣ್ಣು ಮಾಯವಾಗಿದ್ದರೆ ಬೇರೆಡೆಯಿಂದ ಹರಡಿದ ಕ್ಯಾನ್ಸರ್ ಆ ಮೂಳೆಯನ್ನು ತಿಂದಿರಬಹುದು.

ಇನ್ನು ಮೂಳೆಯ ಆಚೆಗಿನ ನೋಟ. ಪಕ್ಕದ ಚಿತ್ರದಲ್ಲಿ ಎರಡರಿಂದ ನಾಲ್ಕನೇ ಸೊಂಟದ ಕಶೇರುಗಳ ಮುಂದೆ, ಹೊಟ್ಟೆಯ ಭಾಗದಲ್ಲಿ, ತೆಳ್ಳಗೆ ಬಿಳಿಯ ಬಿಲ್ಲಿನಂಥ ಗೆರೆ ಕಾಣಿಸಬಹುದು. ಅದು ಮಹಾಪಧಮನಿಯ ಗೋಡೆಯಲ್ಲಿ ಕಟ್ಟಿದ ಸುಣ್ಣ. ಆ ಗೆರೆಗಳ ನಡುವಿನ ಅಗಲ ಮೂರು ಸೆಂಟಿಮೀಟರು ಮೀರಿ ಉಬ್ಬಿದ್ದರೆ, ರೋಗಿ ಬೆನ್ನುನೋವೆಂದು ಬಂದಿದ್ದರೂ ಮೂಲ ರಕ್ತನಾಳದಲ್ಲಿರಬಹುದು. ಅಲ್ಲಿಗೆ ಕೈಚಿಕಿತ್ಸೆ ನಿಲ್ಲಬೇಕು, ಅಲ್ಟ್ರಾಸೌಂಡ್ ಆಗಬೇಕು. ಇದೇ ಕಾರಣಕ್ಕೆ, ಬರೀ ಕೋನ ಅಳೆಯುವ ಓದಿಗಿಂತ ಫಿಲ್ಮಿನ ನಾಲ್ಕೂ ಮೂಲೆ ನೋಡುವ ಓದು ರೋಗಿಗೆ ಹೆಚ್ಚು ಉಪಕಾರಿ ಎಂದು ನಾನು ನಂಬುತ್ತೇನೆ. ರೇಡಿಯಾಲಜಿಸ್ಟರ ವರದಿಯೂ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಇದರಿಂದ ಚಿಕಿತ್ಸೆ ಹೇಗೆ ಬದಲಾಗುತ್ತದೆ?

ಕೆಲವೊಮ್ಮೆ ಪೂರ್ತಿ ನಿಲ್ಲುತ್ತದೆ: ಮುರಿತ, ಗೆಡ್ಡೆ, ಸೋಂಕು ಕಂಡರೆ ರೋಗಿಯನ್ನು ತಜ್ಞರಲ್ಲಿಗೆ ಕಳುಹಿಸಬೇಕು. ಕೆಲವೊಮ್ಮೆ ಬಲ ತಗ್ಗುತ್ತದೆ. ಮೂಳೆಸಾಂದ್ರತೆ ಕಡಿಮೆಯಿರುವವರಿಗೆ ಥಟ್ಟನೆಯ ಒತ್ತು ಬಿಟ್ಟು, ನಿಧಾನವಾಗಿ ಕೀಲನ್ನು ಆಡಿಸುವ ವಿಧಾನ ಅಥವಾ ವ್ಯಾಯಾಮ ಮಾತ್ರ. ಮುಂದೆ ಜಾರಿದ ಕಶೇರು ಇದ್ದಲ್ಲಿ ಆ ಹಂತವನ್ನು ಮುಟ್ಟದೆ, ಹೊಟ್ಟೆ ಮತ್ತು ಸೊಂಟದ ಸ್ನಾಯುಗಳನ್ನು ಬಲಪಡಿಸುವತ್ತ ಗಮನ ಹೋಗುತ್ತದೆ. ರುಮಟಾಯ್ಡ್ ಸಂಧಿವಾತ ಅಥವಾ ಡೌನ್ ಸಿಂಡ್ರೋಮ್ ಇರುವವರಲ್ಲಿ ಕತ್ತಿನ ಮೊದಲೆರಡು ಕಶೇರುಗಳ ಬಂಧ ಸಡಿಲವಾಗಿರಬಹುದು. ಪಕ್ಕದ ಚಿತ್ರದಲ್ಲಿ ಅವುಗಳ ನಡುವಿನ ಅಂತರ ವಯಸ್ಕರಲ್ಲಿ 3 ಮಿಲಿಮೀಟರ್, ಮಕ್ಕಳಲ್ಲಿ 5 ಮಿಲಿಮೀಟರ್ ದಾಟಿದ್ದರೆ ಕತ್ತನ್ನು ತಿರುಗಿಸಿ ಒತ್ತುವುದು ಮಿದುಳುಬಳ್ಳಿಗೇ ಕುತ್ತು ತರಬಹುದು.

ಫಿಲ್ಮಿನ ಮೇಲೆ ಗೆರೆ ಎಳೆದು "ಈ ಮೂಳೆ ಇಷ್ಟು ಡಿಗ್ರಿ ಸರಿದಿದೆ, ಕೂರಿಸಬೇಕು" ಎಂದರು. ನಂಬಬಹುದೇ?

ಈ ಪ್ರಶ್ನೆಗೆ ನೇರ ಉತ್ತರ ಕೊಡಬೇಕು: ಅದನ್ನು ಆಧಾರವಾಗಿಟ್ಟುಕೊಂಡು ತಿಂಗಳುಗಟ್ಟಲೆ ಚಿಕಿತ್ಸೆಗೆ ಒಪ್ಪಿಕೊಳ್ಳಬೇಡಿ.

ಕೈರೋಪ್ರಾಕ್ಟಿಕ್‌ನಲ್ಲಿ ಗಾನ್‌ಸ್ಟೆಡ್ ಪದ್ಧತಿಯಂತೆ ಫಿಲ್ಮಿನ ಅಳತೆಯನ್ನೇ ನೆಚ್ಚುವ ಹಲವು ಶಾಖೆಗಳಿವೆ. ಅಳೆಯುವವರು ಶ್ರದ್ಧೆಯಿಂದಲೇ ಅಳೆಯುತ್ತಾರೆ. ಆದರೆ ಎಕ್ಸ್-ಕಿರಣಗಳು ಒಂದು ಬಿಂದುವಿನಿಂದ ಹರಡಿಕೊಂಡು ಬರುತ್ತವೆ. ಯಂತ್ರದಿಂದ ದೂರ, ಮೈಯ ತಿರುವು, ಪಾದ ಇಟ್ಟ ರೀತಿ ಇವೆಲ್ಲ ನೆರಳಿನ ಅಳತೆಯನ್ನು ಬದಲಿಸುತ್ತವೆ. ಯಾರ ಬೆನ್ನುಮೂಳೆಯೂ ಹುಟ್ಟಿನಿಂದ ಪೂರ್ತಿ ಸಮನಾಗಿರುವುದಿಲ್ಲ. ಮುಖ್ಯವಾಗಿ, ಇಂಥ ಸಣ್ಣ ಓರೆಗಳಿಗೂ ನೋವಿಗೂ ಸ್ಥಿರವಾದ ಸಂಬಂಧ ಕಂಡುಬಂದಿಲ್ಲ. ಕಶೇರು ಸರಿತವೇ ರೋಗಕ್ಕೆ ಕಾರಣವೆಂಬ ವಾದಕ್ಕೆ ವೈದ್ಯಕೀಯ ಸಂಶೋಧನೆಯ ಆಧಾರವಿಲ್ಲ, ಅದೊಂದು ಚಾರಿತ್ರಿಕ ಪರಿಕಲ್ಪನೆ ಎಂದು ಬ್ರಿಟನ್ನಿನ ಕೈರೋಪ್ರಾಕ್ಟರುಗಳನ್ನು ನಿಯಂತ್ರಿಸುವ ಮಂಡಳಿಯೇ 2010ರಲ್ಲಿ ಹೇಳಿತು.

ಮೂಳೆ "ಕೂರುವ" ವಿಚಾರಕ್ಕೆ ಬಂದರೆ, 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 10 ರೋಗಿಗಳ ಸೊಂಟದ ಮೂಳೆಗಳಲ್ಲಿ ಪುಟ್ಟ ಲೋಹದ ಗುಂಡುಗಳನ್ನಿಟ್ಟು, ತ್ರಿಕಾಸ್ಥಿಯ ಕೀಲಿನ ಚಿಕಿತ್ಸೆಗೆ ಮೊದಲು ಮತ್ತು ನಂತರ ಅತಿ ಸೂಕ್ಷ್ಮವಾಗಿ ಎಕ್ಸ್-ರೇ ಅಳತೆ ತೆಗೆದರು. ಕೈಯಲ್ಲಿ ಮುಟ್ಟಿ ಪರೀಕ್ಷಿಸಿದಾಗ ಕೀಲು ಸರಿಹೋದಂತೆ ತೋರಿತ್ತು. ಅಳತೆಯಲ್ಲಿ ಅದರ ಸ್ಥಾನ ಬದಲಾಗಿರಲಿಲ್ಲ. ಒತ್ತಿದಾಗ ಕೇಳುವ ಲಟಕ್ ಸದ್ದು ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆಗೆ ಸಂಬಂಧಿಸಿದ್ದು. ಕೈಚಿಕಿತ್ಸೆಯಿಂದ ಸೊಂಟನೋವು ತಗ್ಗುವುದು ಸುಳ್ಳಲ್ಲ, ಹಲವರಿಗೆ ಆರಾಮ ಸಿಗುತ್ತದೆ. ಆದರೆ ಅದು ಮೂಳೆಯ ಜಾಗ ಬದಲಾದದ್ದರಿಂದ ಸಿಕ್ಕ ಆರಾಮವಲ್ಲ.

ಕತ್ತಿನ ಸಹಜ ಬಾಗು ಹೋಗಿ ನೇರವಾಗಿದೆ ಎಂದು ವರದಿಯಲ್ಲಿದೆ. ಗಾಬರಿಪಡಬೇಕೇ?

ಇಲ್ಲ. ಗಲ್ಲವನ್ನು ಒಂದಿಷ್ಟು ಒಳಕ್ಕೆ ಎಳೆದುಕೊಂಡು ನಿಂತರೆ ಸಾಕು, ಚಿತ್ರದಲ್ಲಿ ಕತ್ತು ನೇರವಾಗಿ ಕಾಣುತ್ತದೆ. ಯಾವ ನೋವೂ ಇಲ್ಲದ ಅನೇಕರ ಕತ್ತು ಹೀಗೇ ಇರುತ್ತದೆ.

"ಮೂಳೆ ಸವೆದಿದೆ, ಗ್ಯಾಪ್ ಕಡಿಮೆಯಾಗಿದೆ" ಎಂದರೆ?

ಕಶೇರುಗಳ ನಡುವಿನ ಡಿಸ್ಕ್ ನೀರಿನಂಶ ಕಳೆದುಕೊಂಡು ತೆಳುವಾಗಿದೆ, ಅಂಚಿನಲ್ಲಿ ಸಣ್ಣ ಮುಳ್ಳುಗಳಂತೆ ಮೂಳೆ ಬೆಳೆದಿದೆ ಎಂದರ್ಥ. ಬೆನ್ನುನೋವೇ ಇಲ್ಲದ 3,110 ಮಂದಿಯ ಸ್ಕ್ಯಾನ್ ಫಲಿತಾಂಶಗಳನ್ನು ಒಟ್ಟುಗೂಡಿಸಿದ 2015ರ ಒಂದು ವಿಶ್ಲೇಷಣೆಯ ಪ್ರಕಾರ, ಇಪ್ಪತ್ತರ ಹರೆಯದವರಲ್ಲೇ ನೂರಕ್ಕೆ 37 ಮಂದಿಯಲ್ಲಿ ಡಿಸ್ಕ್ ಸವೆತವಿತ್ತು, ಎಂಬತ್ತರವರಲ್ಲಿ 96. ಇವರ್ಯಾರಿಗೂ ನೋವಿರಲಿಲ್ಲ. ಸವೆತ ಕಂಡಿತೆಂದ ಮಾತ್ರಕ್ಕೆ ನೋವಿನ ಕಾರಣ ಸಿಕ್ಕಿತೆಂದು ಹೇಳಲಾಗದು, ಬೆನ್ನು ಇನ್ನು ಕೆಲಸಕ್ಕೆ ಬಾರದೆಂದು ಹೇಳುವುದಂತೂ ಅನ್ಯಾಯ.

ಎಕ್ಸ್-ರೇಯಲ್ಲಿ ಡಿಸ್ಕ್, ನರ ಕಾಣುತ್ತವೆಯೇ?

ಕಾಣುವುದಿಲ್ಲ. ಡಿಸ್ಕ್ ಇರುವ ಜಾಗದ ಎತ್ತರ ಮಾತ್ರ ಕಾಣುತ್ತದೆ. ಕಾಲಿಗೆ ಇಳಿಯುವ ನರದ ನೋವಿಗೆ ಚಿತ್ರ ಬೇಕೇ ಆದರೆ ಅದು ಎಂ.ಆರ್.ಐ. ಇನ್ನೊಂದು ಮಿತಿಯೂ ಇದೆ: ಮೂಳೆಯ ಖನಿಜಾಂಶ ಮೂರನೇ ಒಂದು ಭಾಗದಿಂದ ಅರ್ಧದಷ್ಟು ನಾಶವಾಗುವವರೆಗೆ ಗೆಡ್ಡೆ ಎಕ್ಸ್-ರೇಯಲ್ಲಿ ತೋರದೇ ಇರಬಹುದು, ಸೋಂಕಿನ ಮೊದಲ ಎರಡು ಮೂರು ವಾರಗಳಲ್ಲಿ ಫಿಲ್ಮ್ ಸಹಜವಾಗಿಯೇ ಇರಬಹುದು. ಅನುಮಾನ ಬಲವಾಗಿದ್ದರೆ "ಎಕ್ಸ್-ರೇ ಚೆನ್ನಾಗಿದೆ" ಎಂದು ಸುಮ್ಮನಾಗಬಾರದು.

ವಿಕಿರಣದಿಂದ ಎಷ್ಟು ಅಪಾಯ?

ಸೊಂಟದ ಎಕ್ಸ್-ರೇಗೆ ಸುಮಾರು 1.5 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆಮಾನ), ಕತ್ತಿಗೆ ಸುಮಾರು 0.2. ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಹಜವಾಗಿಯೇ ತಾಗುತ್ತದೆ. ಒಂದು ಸೊಂಟದ ಎಕ್ಸ್-ರೇ ಎಂದರೆ ಏಳೆಂಟು ತಿಂಗಳ ಸಹಜ ವಿಕಿರಣ. ಒಬ್ಬ ವಯಸ್ಕನಿಗೆ ಒಂದು ಬಾರಿಗೆ ಇದು ಸಣ್ಣ ಅಪಾಯ. ಅಗತ್ಯವಿದ್ದಾಗ ಹೆದರಿ ತಪ್ಪಿಸಬೇಡಿ. ಅಗತ್ಯವಿಲ್ಲದಿದ್ದರೆ ಆ ಸಣ್ಣ ಅಪಾಯಕ್ಕೂ ಅರ್ಥವಿಲ್ಲ.

ಮಕ್ಕಳಿಗೆ, ಗರ್ಭಿಣಿಯರಿಗೆ?

ಗರ್ಭಿಣಿಯಾಗಿದ್ದರೆ ಅಥವಾ ಆ ಸಾಧ್ಯತೆಯಿದ್ದರೆ ಮೊದಲೇ ತಿಳಿಸಿ. ಸೊಂಟದ ಚಿತ್ರದಲ್ಲಿ ಕಿರಣ ನೇರವಾಗಿ ಗರ್ಭಕೋಶದ ಮೇಲೆ ಹಾಯುತ್ತದೆ, ಮುಂದೂಡಬಹುದಾದ ಪರೀಕ್ಷೆಯನ್ನು ಮುಂದೂಡಬೇಕು.

ಮಕ್ಕಳಲ್ಲಿ ಎಕ್ಸ್-ರೇಗೆ ನಿಜವಾದ ಕೆಲಸವಿರುವುದು ಪಕ್ಕಬಾಗಿನಲ್ಲಿ, ಅಂದರೆ ಸ್ಕೋಲಿಯೋಸಿಸ್‌ನಲ್ಲಿ. ಅಮೆರಿಕದ ಮೂಳೆತಜ್ಞ ಜಾನ್ ಕಾಬ್ 1948ರಲ್ಲಿ ವಿವರಿಸಿದ ಕೋನದ ಅಳತೆ ಇಂದಿಗೂ ಮಾನದಂಡ. 10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್. ಬೆಳೆಯುವ ಮಗುವಿನಲ್ಲಿ 25ರ ಆಸುಪಾಸಿನಿಂದ ಬೆನ್ನಿಗೆ ಆಸರೆಯ ಪಟ್ಟಿ (ಬ್ರೇಸ್) ತೊಡಿಸುವ ಯೋಚನೆ. 45–50 ದಾಟಿದರೆ ಶಸ್ತ್ರಚಿಕಿತ್ಸೆಯ ಮಾತು. ಅಳೆಯುವವರ ನಡುವೆ ಐದು ಡಿಗ್ರಿಯಷ್ಟು ವ್ಯತ್ಯಾಸ ಸಹಜ. ಹಾಗಾಗಿ 18 ಇದ್ದದ್ದು 15ಕ್ಕೆ ಇಳಿದಿದೆ, ಚಿಕಿತ್ಸೆ ಫಲಿಸಿದೆ ಎಂದರೆ ಒಪ್ಪುವಂತಿಲ್ಲ. ಇಂಥ ಮಗುವನ್ನು ಮೂಳೆತಜ್ಞರು ನೋಡುತ್ತಿರಲೇಬೇಕು.

ಹಳೆಯ ಕಾಲದಲ್ಲಿ ಸ್ಕೋಲಿಯೋಸಿಸ್‌ಗಾಗಿ ಸರಾಸರಿ 25ರಷ್ಟು ಬಾರಿ ಎಕ್ಸ್-ರೇಗೆ ಒಳಗಾದ ಅಮೆರಿಕದ ಹುಡುಗಿಯರಲ್ಲಿ ಮುಂದೆ ಸ್ತನ ಕ್ಯಾನ್ಸರಿನ ಸಾವು ಹೆಚ್ಚಾಗಿದ್ದು ಕಂಡುಬಂದಿತ್ತು. ಅದಕ್ಕೇ ಈಗ ಕಿರಣವನ್ನು ಬೆನ್ನಿನ ಕಡೆಯಿಂದ ಹಾಯಿಸಿ ಎದೆಗೆ ತಾಗುವುದನ್ನು ತಗ್ಗಿಸುತ್ತಾರೆ.

ಸುಧಾರಣೆ ನೋಡಲು ಕೆಲವು ವಾರಗಳಿಗೊಮ್ಮೆ ಮತ್ತೆ ತೆಗೆಯುತ್ತೇವೆ ಎಂದಿದ್ದಾರೆ.

ಬೇಡವೆನ್ನಿ. 2017ರ ಅದೇ ಶಿಫಾರಸಿನಲ್ಲಿ ಪ್ರಗತಿ ನೋಡಲು ಮರುಚಿತ್ರ ಬೇಡವೆಂದೂ ಇದೆ. ನೋವು ಎಷ್ಟು ಇಳಿದಿದೆ, ಎಷ್ಟು ಹೊತ್ತು ಕುಳಿತಿರಬಲ್ಲಿರಿ, ಬಗ್ಗಿ ಕಾಲುಚೀಲ ಹಾಕಿಕೊಳ್ಳಬಲ್ಲಿರಾ, ಕೆಲಸಕ್ಕೆ ಮರಳಿದಿರಾ ಎಂಬುವೇ ಪ್ರಗತಿಯ ಅಳತೆಗಳು. ಬೆಳೆಯುವ ಮಗುವಿನ ಪಕ್ಕಬಾಗು, ಹೊಸ ಪೆಟ್ಟು, ಹೊಸದಾಗಿ ಕಾಣಿಸಿದ ನರದ ಲಕ್ಷಣ ಇಂಥವು ಬೇರೆ ಮಾತು.

ಕತ್ತಿನ ಎಕ್ಸ್-ರೇ ಸಹಜವಾಗಿದ್ದರೆ ಕತ್ತನ್ನು ತಿರುಗಿಸಿ ಒತ್ತಿಸಿಕೊಳ್ಳುವುದು ಸುರಕ್ಷಿತವೇ?

ಎಕ್ಸ್-ರೇ ಅಂಥ ಭರವಸೆ ಕೊಡಲಾರದು. ಕತ್ತಿನ ಚಿಕಿತ್ಸೆಯ ಬಗ್ಗೆ ವಿರಳವಾದರೂ ಅತ್ಯಂತ ಗಂಭೀರವಾದ ಆತಂಕ ಕತ್ತಿನ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯು ಆಗುವುದು. ರಕ್ತನಾಳದ ಸೀಳು ಎಕ್ಸ್-ರೇಯಲ್ಲಿ ಕಾಣುವುದೇ ಇಲ್ಲ. ಹಿಂದೆಂದೂ ಬಾರದಂಥ ಕತ್ತುನೋವು ಅಥವಾ ತಲೆನೋವು ಥಟ್ಟನೆ ಬಂದಿದ್ದರೆ, ತಲೆಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನಡಿಗೆ ತಪ್ಪುವುದು ಇದ್ದರೆ ಕತ್ತನ್ನು ಯಾರಿಗೂ ಮುಟ್ಟಲು ಬಿಡದೆ ಆಸ್ಪತ್ರೆಗೆ ಹೋಗಿ.

ಎಕ್ಸ್-ರೇಗೆ ಒಪ್ಪುವ ಮುನ್ನ ಏನು ಕೇಳಬೇಕು?

ಒಂದೇ ಪ್ರಶ್ನೆ ಸಾಕಾಗುತ್ತದೆ: "ಈ ಚಿತ್ರದಲ್ಲಿ ಏನು ಕಂಡರೆ ನೀವು ಚಿಕಿತ್ಸೆಯನ್ನು ಬದಲಿಸುತ್ತೀರಿ?" ಮುರಿತ, ಮೂಳೆ ಟೊಳ್ಳು, ಜಾರಿಕೆ ಎಂದು ನಿಮ್ಮ ಲಕ್ಷಣಗಳಿಗೆ ತಾಳೆಯಾಗುವ ನಿರ್ದಿಷ್ಟ ಉತ್ತರ ಬಂದರೆ ತೆಗೆಸಿ. ಎಲ್ಲರಿಗೂ ತೆಗೆಯುತ್ತೇವೆ ಎಂಬ ಉತ್ತರ ಬಂದರೆ ಕಾಯಬಹುದು. ಚಿತ್ರವನ್ನು ಯಾರು ಓದುತ್ತಾರೆ, ಲಿಖಿತ ವರದಿ ಕೊಡುತ್ತಾರೆಯೇ ಎಂದೂ ಕೇಳಿ.

ಹಳೆಯ ಚಿತ್ರಗಳನ್ನು ತೆಗೆದುಕೊಂಡು ಹೋಗಬೇಕೇ?

ಖಂಡಿತ. ಬೇರೆಡೆ ತೆಗೆಸಿದ ಫಿಲ್ಮ್, ಸಿ.ಡಿ., ವರದಿ ಎಲ್ಲವನ್ನೂ ಒಯ್ಯಿರಿ. ಕುಸಿದ ಕಶೇರು ಹೊಸದೋ ಹತ್ತು ವರ್ಷ ಹಳೆಯದೋ ಎಂಬುದು ಹೋಲಿಸಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ, ಹೊಸ ಚಿತ್ರವೇ ಬೇಡವಾಗಲೂಬಹುದು. ಅಲ್ಲೇ ತೆಗೆಸಿದರೆ ನಿಮ್ಮ ಪ್ರತಿಯನ್ನು ಕೇಳಿ ಪಡೆದು, ದಿನಾಂಕ ಬರೆದು ಇಟ್ಟುಕೊಳ್ಳಿ.